ಘಾಟಿಯಲ್ಲಿ ಕಚ್ಚಿಕೊಂಡ ಎಂಜಿನ್: ಒಂದು ಹಳೆಯ ಜೀಪಿನ ಪ್ರಕರಣ

ಎಂಜಿನ್ ಸೀಜ್ ಆದ, ಎಂದರೆ ಒಳಗೆ ಕಚ್ಚಿಕೊಂಡು ತಿರುಗದಾದ ಗಾಡಿಯನ್ನು ಎಳೆದು ತಂದವರು ಗ್ಯಾರೇಜಿನ ಬಾಗಿಲಲ್ಲೇ ಕೇಳುವ ಮೊದಲ ಪ್ರಶ್ನೆ, ‘ಬೇರೆ ಎಂಜಿನ್ ಎಷ್ಟಕ್ಕೆ ಸಿಗುತ್ತದೆ?’ ಎನ್ನುವುದು. ಇದ್ದದ್ದು ಏಕೆ ಹೋಯಿತು ಎಂದು ಕೇಳುವವರು ಕಡಿಮೆ. ಕಾರಣ ಹುಡುಕದೆ ಕೂರಿಸಿದ ಎಂಜಿನ್ ಅದೇ ಕಾರಣಕ್ಕೆ ಮತ್ತೆ ಹೋಗುತ್ತದೆ, ಆಗ ಬೈಗುಳ ಮಾತ್ರ ಮೇಸ್ತ್ರಿಯ ಪಾಲಿಗೆ. ಉಡುಪಿಯ ನಮ್ಮ ಗ್ಯಾರೇಜಿಗೆ ಬಂದ ಈ ಜೀಪಿನ ವಿಚಾರವನ್ನು ವಿಸ್ತಾರವಾಗಿ ಬರೆಯುತ್ತಿರುವುದು ಅದಕ್ಕೇ. ಎಂಜಿನ್ ಬದಲಿಸಿದ್ದು ಇದರಲ್ಲಿ ಅರ್ಧ ಕೆಲಸ ಮಾತ್ರ.

ಗಾಡಿ ಮತ್ತು ಘಟನೆ

ಗಾಡಿ ಮಹೀಂದ್ರ ಎಂಎಂ 540, ಫೋರ್ ವೀಲ್ ಡ್ರೈವ್, ತೊಂಬತ್ತರ ದಶಕದ ಮೊದಲ ವರ್ಷಗಳದ್ದು. ಒಳಗಿದ್ದುದು ಕಂಪನಿಯಿಂದಲೇ ಬಂದ ಪ್ಯೂಜೊ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್: ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳವ್ಯಾಸ) 90 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 83 ಮಿ.ಮೀ., ಒಟ್ಟು 2112 ಸಿಸಿ. ಬೆಳಿಗ್ಗೆ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಕಾಯಿಸದೆ ಹೊತ್ತಿಕೊಳ್ಳದ, ಹೊತ್ತಿಕೊಂಡ ಮೇಲೆ ಆ ಕಾಲದ ಡೀಸೆಲ್‌ಗಳಲ್ಲಿ ಸಾಧುವೆನ್ನಬಹುದಾದ ಜಾತಿ ಇದು.

ಮಾಲೀಕರು ಕೋಡಿಬೆಂಗ್ರೆಯವರು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದರಲ್ಲಿ ಹೊಳೆ, ನಡುವಿನ ಮರಳುಪಟ್ಟಿಯಲ್ಲಿ ತೆಂಗಿನ ತೋಟ. ಜೀಪು ತೋಟದ ಕೆಲಸಕ್ಕೆ ಓಡುವುದು ಹೆಚ್ಚು, ಊರಿಂದ ಊರಿಗೆ ಹೋಗುವುದು ಅಪರೂಪ. ಆ ಮೇ ತಿಂಗಳಲ್ಲಿ ತೀರ್ಥಹಳ್ಳಿಯ ಮಗಳ ಮನೆಗೆ ಹೊರಟಿದ್ದರು. ಹಿಂದೆ ತೆಂಗಿನಕಾಯಿಯ ಗೋಣಿಗಳು, ಮುಂದೆ ಮನೆಯವರು, ಸ್ಟೀರಿಂಗ್ ಹಿಡಿದದ್ದು ಮಗ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಯಾವ ತಕರಾರೂ ಇಲ್ಲ. ಅಲ್ಲಿಂದ ಆಗುಂಬೆಗೆ 14 ಹಿಮ್ಮುರಿ ತಿರುವುಗಳು, ಹತ್ತಿ ಮುಗಿದರೆ ಸುಮಾರು 650 ಮೀಟರ್ ಎತ್ತರ.

ಮಗ ಹೇಳಿದ ಒಂದು ಮಾತನ್ನು ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಘಾಟಿಯ ನಡುವೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಯಿತು, ನಿಲ್ಲಿಸೋಣ ಎನ್ನುವಷ್ಟರಲ್ಲಿ ತಾನಾಗಿಯೇ ಕೆಳಗಿಳಿಯಿತು, ತಣ್ಣಗಾಯಿತೆಂದುಕೊಂಡು ಹತ್ತಿಸಿದ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಎಳೆತ ಕಡಿಮೆಯಾಯಿತು, ಕೆಳಗಿನಿಂದ ಸುತ್ತಿಗೆ ಬಡಿದಂತೆ ಸದ್ದು, ಎಂಜಿನ್ ನಿಂತೇಹೋಯಿತು. ಸೆಲ್ಫ್ ಹೊಡೆದರೆ ಒಂದು ‘ಟಕ್’, ಅಷ್ಟೇ.

ಎಳೆದು ತರುವಾಗ, ಗಿಯರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿದ್ದರು. ಅಷ್ಟು ತಿಳಿವಳಿಕೆ ಇದ್ದದ್ದರಿಂದ ಗಿಯರ್‌ಬಾಕ್ಸ್ ಉಳಿಯಿತು.

ನಿಜಕ್ಕೂ ಸೀಜ್ ಆಗಿದೆಯೇ?

ಸೀಜ್ ಎಂದು ಹೇಳಿ ತಂದ ಗಾಡಿಗಳೆಲ್ಲ ಸೀಜ್ ಆಗಿರುವುದಿಲ್ಲ. ಸೆಲ್ಫ್ ಮೋಟಾರಿನ ಪಿನಿಯನ್ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡರೂ ಎಂಜಿನ್ ತಿರುಗುವುದಿಲ್ಲ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದ್ದರೂ ಅದೇ ‘ಟಕ್’ ಕೇಳಿಸುತ್ತದೆ. ಸಿಲಿಂಡರಿನೊಳಗೆ ನೀರು ತುಂಬಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ನಿಂತುಬಿಡುತ್ತದೆ, ಏಕೆಂದರೆ ನೀರು ಗಾಳಿಯಂತೆ ಕುಗ್ಗುವ ವಸ್ತುವಲ್ಲ. ಮಳೆಗಾಲದಲ್ಲಿ ಹೊಳೆ ದಾಟಲು ಹೋದ ಗಾಡಿಗಳಲ್ಲಿ ಇದೇ ಹೆಚ್ಚು. ಅಂಥದ್ದರಲ್ಲಿ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚಿ ನೀರು ಹೊರಹಾಕಿದರೆ ಕೆಲವೊಮ್ಮೆ ಎಂಜಿನ್ ಉಳಿಯುವುದುಂಟು.

ಹಾಗಾಗಿ ಕ್ರಮ ತಪ್ಪಿಸದೆ ನೋಡಿದೆವು. ಗಿಯರ್ ನ್ಯೂಟ್ರಲ್, ಬೆಲ್ಟ್ ಹೊರಗೆ, ಸೆಲ್ಫ್ ಮೋಟಾರ್ ಹೊರಗೆ, ನಾಲ್ಕೂ ನಾಜಲ್ ಹೊರಗೆ. ಮುಂದಿನ ಪುಲ್ಲಿಯ ನಟ್‌ಗೆ ಉದ್ದ ಹಿಡಿಯ ಪಾನಾ ಹಾಕಿ ಎರಡೂ ದಿಕ್ಕಿಗೆ ನಿಧಾನವಾಗಿ ಎಳೆದೆವು. ಹಿಂದಕ್ಕೆ ತಿರುಗಿ ಮುಂದಕ್ಕೆ ಬರುವಾಗ ಒಂದೇ ಜಾಗದಲ್ಲಿ ತಡೆದರೆ ಒಳಗೆ ಏನೋ ಮುರಿದು ಬಿದ್ದಿದೆ ಎಂದರ್ಥ. ಇದು ಎತ್ತಲೂ ಕದಲಲಿಲ್ಲ. ಬಹಳ ಕಾಲ ನಿಂತು ತುಕ್ಕಿನಿಂದ ಹಿಡಿದ ಎಂಜಿನ್‌ಗಳಲ್ಲಿ ಸಿಲಿಂಡರಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದರೆ ಸಡಿಲವಾಗುವುದುಂಟು. ಓಡುತ್ತಿದ್ದಾಗಲೇ ಕಚ್ಚಿಕೊಂಡದ್ದಕ್ಕೆ ಆ ಔಷಧಿ ಹತ್ತುವುದಿಲ್ಲ. ಗಿಯರಿಗೆ ಹಾಕಿ ನಾಲ್ಕು ಜನ ತಳ್ಳಿದರೆ ಬಿಡುತ್ತದೆ ಎಂದು ಸಲಹೆ ಕೊಟ್ಟವರೂ ಇದ್ದರು. ಹಾಗೆ ತಳ್ಳಿದರೆ ಮೊದಲು ಬಗ್ಗುವುದು ಕನೆಕ್ಟಿಂಗ್ ರಾಡ್.

ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನ ಪ್ಲಗ್ ಬಿಚ್ಚಿದಾಗ ಮೊದಲು ಬಂದದ್ದು ನೀರು, ಆಮೇಲೆ ಹಾಲು ಬೆರೆಸಿದ ಚಹಾದ ಬಣ್ಣದ ಆಯಿಲ್, ಕೊನೆಗೆ ಬಿಸಿಲಿಗೆ ಹಿಡಿದರೆ ಮಿನುಗುವ ಸಣ್ಣ ಚೂರುಗಳು. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ಎರಡು ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಸುಟ್ಟು ದಾರಿಯಾಗಿತ್ತು. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟರೆ ನಡುವೆ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ಸಲೀಸಾಗಿ ನುಗ್ಗುತ್ತಿತ್ತು, ಎರಡು ವಾಲ್ವ್ ಸೀಟುಗಳ ನಡುವೆ ಬಿರುಕು. ಮೂರನೆಯ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು. ಅದೇ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಕರಗಿ, ಅದು ಕೂರುವ ಕ್ರ್ಯಾಂಕಿನ ಜರ್ನಲ್ ಬಿಸಿಗೆ ನೀಲಿಗಟ್ಟಿತ್ತು.

ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಟ್ಟ ಸಂದು ಆ ಲೆಕ್ಕ ಹಾಕಿಯೇ ಬಿಟ್ಟದ್ದು. ಬಿಸಿ ಅಳತೆ ಮೀರಿದಾಗ ಆ ಸಂದು ಮುಚ್ಚಿ, ಆಯಿಲ್ ಪದರ ಸುಟ್ಟು, ಲೋಹಕ್ಕೆ ಲೋಹ ಅಂಟುತ್ತದೆ.

ಕೊಂದದ್ದು ನೀರು

ಮುಳ್ಳು ತಾನಾಗಿ ಕೆಳಗಿಳಿದದ್ದು ಏಕೆ? ಸೆನ್ಸರ್ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ಸತ್ಯ ಹೇಳುತ್ತದೆ. ನೀರು ಕುದಿದು ಹೊರಹೋಗಿ ಅದರ ಸುತ್ತ ಬರೀ ಆವಿ ಉಳಿದಾಗ ಲೋಹದ ಬಿಸಿ ಅದಕ್ಕೆ ಮುಟ್ಟುವುದೇ ಇಲ್ಲ, ಮುಳ್ಳು ಇಳಿಯುತ್ತದೆ. ಕೆಂಪಿಗೆ ಹೋದ ಮುಳ್ಳು ಏರಿನಲ್ಲಿ ಇದ್ದಕ್ಕಿದ್ದಂತೆ ತಗ್ಗಿದರೆ ಅದು ಗಾಡಿ ನಿಲ್ಲಿಸಬೇಕಾದ ಕ್ಷಣ. ಹುಡುಗನನ್ನು ದೂರುವುದಕ್ಕೆ ಬರುವುದಿಲ್ಲ, ಡ್ರೈವಿಂಗ್ ಕಲಿಸುವವರು ಯಾರೂ ಇದನ್ನು ಹೇಳಿಕೊಡುವುದಿಲ್ಲ.

ನೀರು ಕುದಿದದ್ದು ಏಕೆ ಎನ್ನುವುದಕ್ಕೆ ಉತ್ತರ ಒಂದೇ ಕಡೆ ಇರಲಿಲ್ಲ. ರೇಡಿಯೇಟರಿನ ಮೇಲಿನ ಟ್ಯಾಂಕ್ ಬಿಡಿಸಿ ನೋಡಿದರೆ ಕೊಳವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪು ಕೆಸರಿನಿಂದ ಮುಚ್ಚಿದ್ದವು. ಮುಚ್ಚಳದೊಳಗಿನ ಸ್ಪ್ರಿಂಗ್ ಎಂದೋ ಹೋಗಿತ್ತು. ಆ ಸ್ಪ್ರಿಂಗ್ ಹಿಡಿದಿಡುವ ಒತ್ತಡದಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಅದಿಲ್ಲದ ಮೇಲೆ ಆಗುಂಬೆಯ ಎತ್ತರದಲ್ಲಿ ನೀರು 100ಕ್ಕೂ ಮೊದಲೇ ಕುದಿಯುತ್ತದೆ. ಫ್ಯಾನಿನ ಸುತ್ತ ಇರಬೇಕಾದ ತಗಡಿನ ಕವಚ ಇರಲಿಲ್ಲ. ಘಾಟಿಯಲ್ಲಿ ಗಾಡಿಯ ವೇಗದ ಗಾಳಿ ಸಿಗುವುದಿಲ್ಲ, ಎಲ್ಲವೂ ಫ್ಯಾನಿನ ಮೇಲೆ. ಎಂಜಿನ್ ಕಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಕೂಡ ಇರಲಿಲ್ಲ. ‘ಇದು ಬೇಡ, ಬಿಸಿಯಾಗುತ್ತದೆ’ ಎಂದು ಅದನ್ನು ಕಿತ್ತು ಬಿಸಾಡುವುದು ನಮ್ಮ ಕಡೆಯ ಗ್ಯಾರೇಜುಗಳ ಹಳೆಯ ಚಾಳಿ. ಅದಿಲ್ಲದೆ ಗಾಡಿ ಬಯಲು ರಸ್ತೆಯಲ್ಲಿ ಬೇಕಾದದ್ದಕ್ಕಿಂತ ತಣ್ಣಗೆ ಓಡುತ್ತದೆ, ರೇಡಿಯೇಟರ್ ಕಟ್ಟಿಕೊಳ್ಳುತ್ತ ಬಂದದ್ದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಘಾಟಿಯಲ್ಲಿ.

ಇವೆಲ್ಲದರ ಬುಡ ಸಿಕ್ಕಿದ್ದು ವಾಟರ್ ಪಂಪಿನಲ್ಲಿ. ಬಿಚ್ಚಿ ಮಾಲೀಕರ ಅಂಗೈಯಲ್ಲಿಟ್ಟೆ. ಎರಕದ ಕಬ್ಬಿಣದ ರೆಕ್ಕೆಗಳು ತುದಿಯಿಂದ ಸವೆದು ಮೊಂಡಾಗಿದ್ದವು. ಉಳಿದ ಭಾಗ ನೋಡಲು ಗಟ್ಟಿ. ಚಾಕುವಿನ ತುದಿಯಿಂದ ಕೆರೆದರೆ ಪೆನ್ಸಿಲಿನ ಸೀಸದಂಥ ಕಪ್ಪು ಪುಡಿ ಉದುರಿತು. ಉಪ್ಪು ನೀರು ಎರಕದ ಕಬ್ಬಿಣವನ್ನು ತಿನ್ನುವ ರೀತಿಯೇ ಹಾಗೆ. ಕಬ್ಬಿಣ ಕರಗಿ ಹೋಗುತ್ತದೆ, ಅದರೊಳಗಿನ ಗ್ರ್ಯಾಫೈಟ್ ಅದೇ ಆಕಾರದಲ್ಲಿ ನಿಂತಿರುತ್ತದೆ. ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವವರಿಗೆ ಇದು ದಿನನಿತ್ಯದ ನೋಟ, ಜೀಪಿನಲ್ಲಿ ಕಾಣುವುದು ಅಪರೂಪ.

‘ರೇಡಿಯೇಟರಿಗೆ ಯಾವ ನೀರು ಹಾಕುತ್ತೀರಿ?’ ಎಂದು ಕೇಳಿದೆ.

‘ಮನೆಯ ಬಾವಿಯದ್ದೇ. ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ, ಕುಡಿಯಲು ಮಾತ್ರ ಬೇರೆ ತರಿಸುತ್ತೇವೆ. ಇಷ್ಟು ವರ್ಷ ಇದೇ ನೀರು ಹಾಕಿದ್ದೇವೆ ಮಾರಾಯರೇ, ಆಗೆಲ್ಲ ಏನೂ ಆಗಲಿಲ್ಲವಲ್ಲ?’

‘ಆಗುತ್ತಲೇ ಇತ್ತು ರಾಯರೇ. ಬಯಲಿನಲ್ಲಿ ಕಾಣಿಸಲಿಲ್ಲ.’

ರೇಡಿಯೇಟರ್ ತಾಮ್ರ ಹಿತ್ತಾಳೆಯದ್ದು, ಬ್ಲಾಕ್ ಕಬ್ಬಿಣದ್ದು. ನಡುವೆ ಉಪ್ಪು ನೀರು ಹರಿಸಿದರೆ ಬ್ಯಾಟರಿಯೊಳಗೆ ನಡೆಯುವಂಥದ್ದೇ ಕ್ರಿಯೆ ನಡೆದು ಕಬ್ಬಿಣ ಸವೆಯುತ್ತದೆ. ಹಾಗೆ ಸವೆದ ಕಬ್ಬಿಣದ ತುಕ್ಕೇ ರೇಡಿಯೇಟರಿನ ಕೊಳವೆಗಳಲ್ಲಿ ಕೆಸರಾಗಿ ಕೂತದ್ದು. ಪಂಪ್ ನೀರು ತಳ್ಳುವುದು ಕಡಿಮೆಯಾಯಿತು, ತಳ್ಳಿದ ನೀರಿಗೆ ದಾರಿಯೂ ಕಡಿಮೆಯಾಯಿತು.

ಯಾವ ಎಂಜಿನ್?

ಇದ್ದ ಎಂಜಿನ್ನನ್ನೇ ಕಟ್ಟುವುದು ಮೊದಲ ಯೋಚನೆ. ಹೆಡ್ ಬಿರುಕು ಬಿಟ್ಟಿದೆ, ಕ್ರ್ಯಾಂಕ್ ಹಿಂದೊಮ್ಮೆ ಗ್ರೈಂಡ್ ಆಗಿದ್ದು ಈಗ ನೀಲಿಗಟ್ಟಿದೆ, ಬ್ಲಾಕಿನ ನೀರಿನ ದಾರಿಗಳು ಒಳಗಿಂದ ತಿಂದುಹೋಗಿವೆ. ಮೂರೂ ಒಟ್ಟಿಗೆ ಹೋದ ಮೇಲೆ ಉಳಿಯುವುದು ಎಂಜಿನ್ ನಂಬರ್ ಮಾತ್ರ. ಕೈಬಿಟ್ಟೆವು.

ಮಗನ ಮನಸ್ಸು ಡಿಐ ಎಂಜಿನ್ ಮೇಲೆ. ಮಹೀಂದ್ರದ್ದೇ 2523 ಸಿಸಿ ಡೈರೆಕ್ಟ್ ಇಂಜೆಕ್ಷನ್ (ಡೀಸೆಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ) ಎಂಜಿನ್, ಕಮಾಂಡರ್, ಮೇಜರ್ ಗಾಡಿಗಳಲ್ಲಿ ಬಂದದ್ದು. ಹೀಟರ್ ಪ್ಲಗ್‌ನ ರಗಳೆ ಇಲ್ಲ, ಕೆಳಗಿನ ವೇಗದಲ್ಲೇ ಒಳ್ಳೆಯ ಎಳೆತ. ಘಟ್ಟದ ಬುಡದ ಊರುಗಳಲ್ಲಿ ಪ್ರಯಾಣಿಕರನ್ನು ಸಾಗಿಸುವ ಸರ್ವಿಸ್ ಜೀಪುಗಳು ಇದೇ ಎಂಜಿನ್ನಿನಲ್ಲಿ ಓಡಿದ್ದರಿಂದ ಬಿಡಿಭಾಗ ಕೇಳಿದಲ್ಲಿ ಸಿಗುತ್ತದೆ. ಪ್ಯೂಜೊ ಭಾಗಗಳಿಗೆ ಹುಡುಕಾಟ ಹೆಚ್ಚು. ಯಂತ್ರದ ಲೆಕ್ಕದಲ್ಲಿ ಅವನ ಮಾತು ಸರಿಯೇ.

ನಾನು ಒಪ್ಪದಿದ್ದದ್ದು ಕಾಗದದ ಲೆಕ್ಕದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. 2112 ಸಿಸಿ ಎಂದು ಬರೆದ ಆರ್‌ಸಿಯ ಗಾಡಿಯಲ್ಲಿ 2523 ಸಿಸಿ ಕೂತಿದ್ದರೆ ಅನುಮತಿ ಸಿಗುವ ಭರವಸೆ ಇಲ್ಲ, ಅಪಘಾತವಾದ ದಿನ ವಿಮೆಯವರಿಗೆ ಕೈತೊಳೆದುಕೊಳ್ಳಲು ಒಳ್ಳೆಯ ನೆಪ. ‘ಎಲ್ಲರೂ ಹಾಕಿಸಿಕೊಂಡು ಓಡಿಸುತ್ತಿದ್ದಾರೆ’ ಎಂದ ಮಗ. ಓಡಿಸುತ್ತಿದ್ದಾರೆ, ನಿಜ. ಆದರೆ 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಇದರ ಹೊರತಾಗಿಯೂ ಮೌಂಟಿಂಗ್, ಪೈಪು, ಸೈಲೆನ್ಸರ್ ಎಲ್ಲವನ್ನೂ ಕತ್ತರಿಸಿ ವೆಲ್ಡ್ ಮಾಡಬೇಕು. ಎರಡು ಸಲ ಮಾತಾಡಿದ ಮೇಲೆ ತಂದೆ ಪ್ಯೂಜೊಗೇ ಒಪ್ಪಿದರು. ಮಗ ಒಪ್ಪಲಿಲ್ಲ, ಸುಮ್ಮನಾದ.

ಹುಡುಕಲು ಹೊರಟಾಗ ಮೊದಲು ಸಿಕ್ಕಿದ್ದು ಒಂದು ಗುಜರಿ ಅಂಗಡಿಯಲ್ಲಿ, ಬೇರೆಯವರು ಹೇಳಿದ್ದರ ಅರ್ಧ ಬೆಲೆಗೆ. ನಂಬರ್ ಇರುವ ಜಾಗವನ್ನು ಗ್ರೈಂಡರ್ ಹಚ್ಚಿ ನುಣುಪು ಮಾಡಿ ಹೊಸದಾಗಿ ಪಂಚ್ ಹೊಡೆದಿದ್ದರು. ಅಕ್ಷರಗಳು ಒಂದೊಂದು ಒಂದೊಂದು ಕಡೆ ವಾಲಿದ್ದವು. ಅಂಥದ್ದನ್ನು ತಂದರೆ ಕಳ್ಳಮಾಲನ್ನು ಮನೆಗೆ ತಂದಂತೆ. ಕೊನೆಗೆ ಸಿಕ್ಕಿದ್ದು ಕೊಪ್ಪದ ಕಡೆಯ ಒಂದು ಕಾಫಿ ತೋಟದ ಜೀಪಿನದ್ದು. ಗಾಡಿಯ ಚಾಸಿಸ್ ತುಕ್ಕಿಗೆ ಬಲಿಯಾಗಿ ನೋಂದಣಿ ರದ್ದಾಗಿತ್ತು. ರದ್ದತಿಯ ಪತ್ರ, ಹಳೆಯ ಆರ್‌ಸಿಯ ಪ್ರತಿ, ಮಾರಾಟದ ರಶೀದಿ ಮೂರೂ ಸಿಕ್ಕವು. ಎಂಜಿನ್ ನಂಬರ್ ಮುಟ್ಟದ ಎರಕದ ಮೇಲೆ ಇದ್ದ ಹಾಗೆಯೇ ಇತ್ತು. ವಾಟರ್ ಪಂಪ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ: ಮಲೆನಾಡಿನ ಸಿಹಿನೀರು ಕುಡಿದ ಬ್ಲಾಕ್, ಒಳಗೆ ತೆಳುವಾದ ಕಂದು ಬಣ್ಣ ಬಿಟ್ಟರೆ ಶುದ್ಧ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಹೆಚ್ಚುಕಡಿಮೆ ಸಮ. ಒಟ್ಟು ಅಂಕಿಗಿಂತ ಈ ಸಮತನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕೂರಿಸಿದ್ದು

ತಂದ ಎಂಜಿನ್ನನ್ನು ಹಾಗೆಯೇ ಕೂರಿಸಲಿಲ್ಲ. ರಿಂಗ್, ಬೇರಿಂಗ್ ಬದಲಿಸಿ, ಹೆಡ್ಡಿನ ತಳ ಸಮ ಮಾಡುವ ಫೇಸಿಂಗ್ ಮಾಡಿಸಿ, ಡೀಸೆಲ್ ಪಂಪ್ ಮತ್ತು ನಾಜಲ್‌ಗಳನ್ನು ಕ್ಯಾಲಿಬ್ರೇಶನ್‌ಗೆ ಕೊಟ್ಟೆವು. ಅಷ್ಟರಲ್ಲಿ ಜೂನ್ ಬಂದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡಕ್ಕೆ ಬಂದು ಅವುಗಳ ಎಂಜಿನ್ ಕೆಲಸವೂ ಆಗಲೇ. ಮಲ್ಪೆಯ ಲೇತ್ ಅಂಗಡಿಯಲ್ಲಿ ಬೋಟಿನ ದೈತ್ಯ ಹೆಡ್ಡುಗಳ ಸಾಲಿನ ಕೊನೆಗೆ ನಮ್ಮ ಪುಟ್ಟ ಹೆಡ್ಡು ಕೂತಿತ್ತು. ಈ ಸೀಮೆಯಲ್ಲಿ ಎಂಜಿನ್ ಕಟ್ಟಿಸುವವರು ಆ ಎರಡು ತಿಂಗಳನ್ನು ತಪ್ಪಿಸುವುದು ಒಳ್ಳೆಯದು.

ಎಂಜಿನ್ ಹೊರಗಿರುವಾಗಲೇ ಮಾಡಬೇಕಾದ, ಒಳಗೆ ಹೋದ ಮೇಲೆ ಕೈ ಹಾಕಲಾಗದ ಕೆಲಸಗಳಿವೆ: ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ನೀರಿನ ದಾರಿಯ ತೂತು ಮುಚ್ಚುವ ಬ್ಲಾಕಿನ ಹಿಂಬದಿಯ ವೆಲ್ಷ್ ಪ್ಲಗ್, ಕ್ಲಚ್ ಪ್ಲೇಟ್, ಗಿಯರ್‌ಬಾಕ್ಸಿನ ಶಾಫ್ಟಿನ ತುದಿ ಕೂರುವ, ಫ್ಲೈವೀಲಿನ ಮಧ್ಯದ ಪೈಲಟ್ ಬೇರಿಂಗ್. ‘ಕ್ಲಚ್ ಇನ್ನೂ ಚೆನ್ನಾಗಿದೆಯಲ್ಲ’ ಎಂದು ಉಳಿಸಲು ಹೋದರೆ ಮುಂದಿನ ವರ್ಷ ಇಷ್ಟನ್ನೂ ಮತ್ತೆ ಇಳಿಸಬೇಕು.

ಜೀಪಿನಲ್ಲಿ ಒಂದು ಸುಖವಿದೆ. ಬಾನೆಟ್, ಗ್ರಿಲ್, ರೇಡಿಯೇಟರ್ ತೆಗೆದರೆ ಮುಂಭಾಗ ಬಯಲಾಗುತ್ತದೆ, ಎಂಜಿನ್ನನ್ನು ಚೈನ್ ಪುಲ್ಲಿಗೆ ಕಟ್ಟಿ ನೇರ ಮುಂದಕ್ಕೆ ಎಳೆಯಬಹುದು. ಗಿಯರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಗಾಡಿಯಲ್ಲೇ ಉಳಿದವು, ಕೆಳಗೆ ಜ್ಯಾಕ್ ಕೊಟ್ಟು. ಅಲ್ಲಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಎರಡು ಪ್ರೊಪೆಲ್ಲರ್ ಶಾಫ್ಟುಗಳನ್ನು ಮುಟ್ಟಲೇ ಇಲ್ಲ. ಕಷ್ಟ ಇರುವುದು ಹೊಸದನ್ನು ಒಳಗೆ ತರುವಾಗ. ಗಿಯರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳ ಮೂಲಕ ಹೋಗಿ ಪೈಲಟ್ ಬೇರಿಂಗಿನಲ್ಲಿ ಕೂರಬೇಕು. ಕೊನೆಯ ಎರಡು ಬೆರಳಷ್ಟು ಸಂದು ಉಳಿದಾಗ ಹುಡುಗರಿಗೆ ಅವಸರ, ಬೋಲ್ಟ್ ಹಾಕಿ ಬಿಗಿದು ಎಳೆದುಬಿಡೋಣ ಎಂದು. ಹಾಗೆ ಎಳೆದರೆ ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ ಬಗ್ಗುತ್ತದೆ. ಪುಲ್ಲಿಯ ಸರಪಳಿ ಒಂದು ಕೊಂಡಿ ಏರಿಸಿ, ಜ್ಯಾಕ್ ತುಸು ಇಳಿಸಿ, ಮುಂದಿನಿಂದ ಕ್ರ್ಯಾಂಕನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಹಲ್ಲು ಹಲ್ಲಿಗೆ ಸಿಕ್ಕಿ ಎಂಜಿನ್ ತಾನಾಗಿಯೇ ಒಳಗೆ ಜಾರುತ್ತದೆ. ಜಾರಿತು.

ಹಳೆಯ ರೇಡಿಯೇಟರನ್ನು ತೊಳೆಸಿ ಹಾಕೋಣ ಎಂದು ಮಾಲೀಕರು ಕೇಳಿಕೊಂಡರು. ಖರ್ಚು ಆಗಲೇ ಅಂದಾಜು ಮೀರಿತ್ತು, ಅವರ ಸಂಕಟ ಅರ್ಥವಾಗುತ್ತಿತ್ತು. ಆದರೂ ಇಲ್ಲಿ ಮಾತ್ರ ನಾನು ಜಗ್ಗಲಿಲ್ಲ. ರೇಡಿಯೇಟರಿಗೆ ಹೊಸ ಕೋರ್ (ಕೊಳವೆಗಳ ಭಾಗ), ಹೊಸ ವಾಟರ್ ಪಂಪ್, ಹೋಸ್ ಪೈಪುಗಳು, ಒತ್ತಡ ಹಿಡಿಯುವ ಮುಚ್ಚಳ, ಥರ್ಮೋಸ್ಟಾಟ್, ತಗಡಿನಲ್ಲಿ ಮಾಡಿಸಿದ ಫ್ಯಾನ್ ಕವಚ. ನೀರಿನ ಬದಲು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಹೆಡ್ಡಿನ ಒಂದು ಬೋಲ್ಟಿನ ಕೆಳಗೆ ಲೋಹದ ಬಿಸಿಯನ್ನೇ ಅಳೆಯುವ ಸೆನ್ಸರ್ ಹಾಕಿ ಅಲಾರಂ ಕೊಟ್ಟೆವು. ನೀರು ಖಾಲಿಯಾದರೂ ಅದು ಕೂಗುತ್ತದೆ.

ಮೊದಲ ಸಲ ಚಾಲೂ ಮಾಡುವ ಮುನ್ನ ಡೀಸೆಲ್ ಬಿಡದೆ ಸೆಲ್ಫ್ ಹೊಡೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ತಿರುಗಿಸಿದೆವು. ಆಮೇಲೆ ಕೈಯಿಂದ ಒತ್ತುವ ಹ್ಯಾಂಡ್ ಪ್ರೈಮರಿನಿಂದ ಡೀಸೆಲ್ ಪೈಪಿನ ಗಾಳಿ ತೆಗೆದು, ಹೀಟರ್ ಕಾಯಿಸಿ ಹೊಡೆದಾಗ ಹೊತ್ತಿಕೊಂಡಿತು.

ಕಾಗದಪತ್ರ

ಎಂಜಿನ್ ಕೂರಿಸುವ ಮೊದಲೇ ಆರ್‌ಟಿಓ ಕಚೇರಿಗೆ ಅರ್ಜಿ ಹೋಗಿತ್ತು. ಅದೇ ತಯಾರಿಕೆ, ಅದೇ ಮಾದರಿ, ಅದೇ ಸಿಸಿ. ಬದಲಾಗುವುದು ನಂಬರ್ ಮಾತ್ರ ಎಂದು ಸ್ಪಷ್ಟವಾಗಿ ಬರೆದದ್ದರಿಂದ ಪ್ರಶ್ನೆಗಳು ಕಡಿಮೆ ಬಂದವು. ಕೂರಿಸಿದ ಮೇಲೆ ಗಾಡಿ ಒಯ್ದು ತೋರಿಸಿದೆವು. ಇನ್‌ಸ್ಪೆಕ್ಟರ್ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು, ಎಂಜಿನ್ ನಂಬರನ್ನು ಕೊಪ್ಪದ ಗಾಡಿಯ ರದ್ದತಿ ಪತ್ರದ ಜೊತೆ ತಾಳೆ ನೋಡಿದರು. ಹೊಸ ನಂಬರ್ ಆರ್‌ಸಿಗೆ ಏರಿದ ಮೇಲೆ ಅದರ ಪ್ರತಿಯನ್ನು ವಿಮಾ ಕಂಪನಿಗೂ ಕಳಿಸಿ ಪಾಲಿಸಿಯಲ್ಲಿ ತಿದ್ದಿಸಿದೆವು. ಬಹಳ ಜನ ಮರೆಯುವುದು ಈ ಕೊನೆಯದನ್ನು.

ಆಮೇಲೆ

ಮೊದಲ ಸಾವಿರ ಕಿಲೋಮೀಟರ್ ಹೆದ್ದಾರಿ 66ರಲ್ಲಿ ಹಗುರವಾಗಿ ಓಡಿಸಲು ಹೇಳಿ, ಆಯಿಲ್ ಬದಲಿಸಿ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದೆವು. ಆಗಸ್ಟಿನಲ್ಲಿ ಮಗ ಒಮ್ಮೆ ಆಗುಂಬೆ ಹತ್ತಿಸಿ ಬಂದು ‘ಮುಳ್ಳು ಅಲ್ಲಾಡಲೇ ಇಲ್ಲ’ ಎಂದು ಸಂಭ್ರಮಪಟ್ಟ. ಆ ಮಳೆಯಲ್ಲಿ, ಖಾಲಿ ಗಾಡಿಯಲ್ಲಿ ಅಲ್ಲಾಡದಿದ್ದದ್ದನ್ನು ನಾನು ಪರೀಕ್ಷೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾರ್ಚಿನಲ್ಲಿ, ಮಧ್ಯಾಹ್ನ, ಗೋಣಿಗಳ ಭಾರದೊಂದಿಗೆ ಹತ್ತಿಸಿ ಎಂದೆ. ಹಾಗೆಯೇ ಹತ್ತಿಸಿದರು. ಮುಳ್ಳು ಅರ್ಧ ದಾಟಿ ಒಂದು ಗೆರೆ ಮೇಲೆ ಹೋಗಿ ಅಲ್ಲೇ ನಿಂತಿತು, ಅಲಾರಂ ಕೂಗಲಿಲ್ಲ. ಆಗುಂಬೆಯಲ್ಲಿ ನಿಲ್ಲಿಸಿ, ತಣಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಕೂಲಂಟ್ ಮಟ್ಟ ಇಳಿದಿರಲಿಲ್ಲ.

ಹಳೆಯ ಎಂಜಿನ್ನಿನ ಡೀಸೆಲ್ ಪಂಪ್, ರಾಕರ್ ಜೋಡಣೆ ಮತ್ತು ಒಂದು ಒಳ್ಳೆಯ ಮ್ಯಾನಿಫೋಲ್ಡನ್ನು ತೆಗೆದಿಟ್ಟಿದ್ದೇವೆ, ಮುಂದೆ ಬೇಕಾಗುತ್ತದೆ. ಬ್ಲಾಕ್ ತೂಕಕ್ಕೆ ಹೋಯಿತು, ನಂಬರ್ ಇದ್ದ ಜಾಗವನ್ನು ಮಾಲೀಕರ ಎದುರೇ ಕತ್ತರಿಸಿ. ಸದ್ಯಕ್ಕೆ ಗಾಡಿಯಲ್ಲಿ ಉಳಿದಿರುವ ದೂರು ಎರಡನೆಯ ಗಿಯರಿನ ಕಿರುಗುಟ್ಟುವಿಕೆ. ಅದು ಗಿಯರ್ ಬದಲಿಸುವಾಗ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊನೈಜರಿನ ಸವೆತ. ಮಳೆಗಾಲದ ಮುಂಚೆ ಗಿಯರ್‌ಬಾಕ್ಸ್ ಇಳಿಸಿ ನೋಡುವುದೆಂದು ಮಾತಾಗಿದೆ.